ಸುಗಂಧಿಯ ಪೈ ತಾಟು

ನಾನು ಒಂದು ತಗಡಿನ ತಾಟು. ಊಟದ ತಾಟಲ್ಲ, ಪೈ ಎಂಬ ಪರದೇಶದ ಸಿಹಿತಿಂಡಿ ಬೇಯಿಸುವ ತಾಟು. ಹಿಂದಿನ ಜನ್ಮದಲ್ಲಿ ಬಿಸ್ಕೀಟಿನ ದೊಡ್ಡ ಡಬ್ಬಿಯ ಮುಚ್ಚಳವಾಗಿದ್ದೆ. ಬೆಟಗೇರಿಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಹುಸೇನಸಾಬರು ನನ್ನನ್ನು ಕತ್ತರಿಸಿ, ಬಡಿದು, ಅಂಚನ್ನು ಇಕ್ಕಳದಿಂದ ನಿರಿಗೆ ನಿರಿಗೆಯಾಗಿ ಮಡಿಚಿ ಈ ಆಕಾರಕ್ಕೆ ತಂದರು. "ಏನವ್ವಾ ಇದು? ಉಣ್ಣೋ ತಾಟೂ ಅಲ್ಲ, ಹಿಟ್ಟು ನಾದೋ ಪರಾತಾನೂ ಅಲ್ಲ!" ಎಂದು ಅವರು ನಕ್ಕಿದ್ದು ನನಗೆ ಆಗಲೇ ಚುಚ್ಚಿತ್ತು.

ನನ್ನನ್ನು ಮಾಡಿಸಿದವಳು ಎಸ್ತರವ್ವ. ಮಿಶನ್ ಆಸ್ಪತ್ರೆಯ ಪರದೇಶದ ಡಾಕ್ಟರಮ್ಮನ ಬಂಗಲೆಯಲ್ಲಿ ಅವಳು ಅಡುಗೆಗಿದ್ದಳು. ಡಾಕ್ಟರಮ್ಮ ತಮ್ಮ ದೇಶಕ್ಕೆ ಹೊರಟಾಗ ಪಿಂಗಾಣಿ ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದವು. ನಿಂಬೆಹಣ್ಣಿನ ಕಸ್ಟರ್ಡ್ ಪೈ ಮಾಡುವ ಹದ ಮಾತ್ರ ಎಸ್ತರವ್ವನ ಕೈಯಲ್ಲಿ ಉಳಿಯಿತು. ಅಲ್ಲಿಂದ ಅದು ಹಿರಿಯ ಮಗಳು ಸುಗಂಧಿಯ ಕೈಗೆ ಬಂತು. ಕಿರಿಯವಳು ಜಯಶೀಲಾಳಿಗೆ ಅಡುಗೆಮನೆಯ ಹೊಗೆ ಆಗಿಬರುತ್ತಿರಲಿಲ್ಲ.

ಸುಗಂಧಿ ಮೈದಾಹಿಟ್ಟಿಗೆ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಿಂದಲೇ ಉಜ್ಜಿ, ಹೆಚ್ಚು ನಾದದೆ ಒತ್ತಿ ಕೂಡಿಸಿ, ಲಟ್ಟಿಸಿ ನನ್ನ ಮೇಲೆ ಹಾಸುತ್ತಿದ್ದಳು. ನಿಂಬೆಯ ಸಿಪ್ಪೆ ತುರಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಹಳದಿಯಷ್ಟೇ ಬರಬೇಕು, ಒಳಗಿನ ಬಿಳಿ ಬಂದರೆ ಕಹಿ. ತತ್ತಿ, ಸಕ್ಕರೆ, ಹಾಲು ಸಣ್ಣ ಉರಿಯಲ್ಲಿ ಗಟ್ಟಿಯಾಗಬೇಕು, ಕೆಳಗಿಳಿಸಿ ಆರಿದ ಮೇಲಷ್ಟೇ ನಿಂಬೆರಸ. ಆಮೇಲೆ ಅದನ್ನು ನನ್ನ ಮೇಲಿನ ಹಿಟ್ಟಿನ ಹಾಸಿಗೆ ಸುರಿದು, ಉಸುಕು ಹರಡಿದ ಬೋಗುಣಿಯಲ್ಲಿ ನನ್ನನ್ನಿಟ್ಟು ಮುಚ್ಚಳ ಮುಚ್ಚಿ ಅದರ ಮೇಲೆ ಕೆಂಡ ಸುರಿಯುತ್ತಿದ್ದಳು. ಕೆಳಗೂ ಬೆಂಕಿ, ಮೇಲೂ ಬೆಂಕಿ. ಆದರೂ ಹೇಳುತ್ತೇನೆ, ನಾನು ಸುಖವಾಗಿದ್ದದ್ದು ಆಗಲೇ.

ಮಿಶನ್ ಕಂಪೌಂಡಿನಲ್ಲಿ ಪೈ ಹೊತ್ತು ನಾನು ಹೋಗದ ಮನೆಯಿರಲಿಲ್ಲ. ಹೋದಲ್ಲಿಂದ ಖಾಲಿ ಬಂದದ್ದೂ ಇಲ್ಲ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಅಲ್ಲಿ ಅವಮಾನದ ಮಾತು. ಏನೂ ಇಲ್ಲದವರು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ಅದು ಮಾಡಿದವಳ ಕೈಗೆ ಸಲ್ಲುವ ಮರ್ಯಾದೆ.

ಸುಗಂಧಿಯ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ನೋಡಲು ಬಂದ ಗಂಡುಗಳು ಅವಳೊಡನೆ ಗೋಡೆಯನ್ನೋ ತಮ್ಮ ಚಪ್ಪಲಿಯನ್ನೋ ನೋಡುತ್ತ ಮಾತಾಡಿ, ಊರಿಗೆ ಹೋಗಿ ಬೇಡವೆಂದು ಹೇಳಿ ಕಳಿಸುತ್ತಿದ್ದರು. ಒಬ್ಬ ಮಾತ್ರ ಹಾಗಿರಲಿಲ್ಲ. ಹುಬ್ಬಳ್ಳಿಯ ಡ್ರಾಯಿಂಗ್ ಮಾಸ್ತರ ಏಲೀಶ. ಕ್ರಿಸ್‌ಮಸ್ ನಾಟಕದ ಪರದೆ ಬರೆಯಲು ಬಂದಿದ್ದಾಗ ಚಹಾ ಕೊಟ್ಟ ಸುಗಂಧಿಯ ಮುಖವನ್ನೇ ನೋಡಿ, "ಚಲೋ ಆಗೇತ್ರಿ" ಅಂದಿದ್ದ. ಅಷ್ಟೇ. ಅಷ್ಟಕ್ಕೇ ಈ ಹುಡುಗಿ ವಾರಗಟ್ಟಲೆ ನನ್ನನ್ನು ಬೂದಿ ಹಚ್ಚಿ ಉಜ್ಜುತ್ತ ಗುನುಗುತ್ತಿದ್ದಳು.

ಅದೇ ಏಲೀಶ ಹೆಣ್ಣು ನೋಡಲು ಬರುತ್ತಾನೆಂದು ಸುದ್ದಿ ಬಂದಾಗ ಎಸ್ತರವ್ವ ಹಿರಿಯ ಮಗಳನ್ನು ಒಲೆಯ ಮುಂದೆ ಕೂರಿಸಿಕೊಂಡಳು.

"ಈ ಸಲ ಜಯಾನ್ನ ತೋರಸೂಣು ಸುಗಂಧಿ. ಇದೂ ಕೈ ತಪ್ಪಿದ್ರ ಇಬ್ಬರೂ ಮನ್ಯಾಗ ಉಳೀತೀರಿ. ಪೈ ನೀ ಮಾಡು. ಜಯಾ ಮಾಡ್ಯಾಳ ಅಂತ ಹೇಳ್ತೀನಿ. ನೀ ಮಾತ್ರ ಹೊರಗ ಬರಬ್ಯಾಡವಾ."

ಸುಗಂಧಿ ಎದ್ದು ನಿಂಬೆಹಣ್ಣು ತೊಳೆದಳು.

ಅಂದಿನಂಥ ಪೈ ನಾನು ಮತ್ತೆ ಹೊತ್ತಿಲ್ಲ. ನಡುಮನೆಯಲ್ಲಿ ಎಲ್ಲರೂ ಬಾಯಿ ಚಪ್ಪರಿಸಿದರು. "ಎಲ್ಲಾ ಇಕೀದs ಕೈ ರೀ," ಎಂದು ಎಸ್ತರವ್ವ ಜಯಶೀಲಾಳ ಬೆನ್ನು ಸವರಿದಳು. ಜಯಶೀಲಾ ತಲೆ ತಗ್ಗಿಸಿ ನಕ್ಕಳು. ಚೆಲುವೆ, ಅದರಲ್ಲಿ ಎರಡು ಮಾತಿಲ್ಲ.

ಊಟವಾದ ಮೇಲೆ ಕೈ ತೊಳೆಯುವ ನೆಪದಲ್ಲಿ ಏಲೀಶ ನನ್ನನ್ನು ತಾನೇ ಎತ್ತಿಕೊಂಡು ಹಿತ್ತಲ ಕಡೆಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಳಗೆ ಸುಗಂಧಿ ಬೆನ್ನು ಮಾಡಿ ಕೆಂಡ ಆರಿಸುತ್ತಿದ್ದಳು. ಅವಳ ಮೊಳಕೈವರೆಗೂ ಮೈದಾ ಅಂಟಿತ್ತು, ಪಕ್ಕದಲ್ಲಿ ತುರಿದ ನಿಂಬೆಹಣ್ಣುಗಳು ಬಿದ್ದಿದ್ದವು. ಅವನು ನೋಡಿದ. ಚಿತ್ರ ಬರೆಯುವವನ ಕಣ್ಣು, ತಪ್ಪಿ ನೋಡುವುದಿಲ್ಲ. ಜೇಬಿನಿಂದ ಒಂದು ಪೆಪ್ಪರ್‌ಮಿಂಟು ತೆಗೆದು ನನ್ನೊಳಗೆ ಹಾಕಿ, ಸದ್ದಾಗದಂತೆ ಹೊಸ್ತಿಲ ಮೇಲೆ ನನ್ನನ್ನಿಟ್ಟು ನಡುಮನೆಗೆ ಹೋದ. ಹೋಗಿ, "ಹುಡುಗಿ ಒಪ್ಪಿಗಿ ಐತ್ರಿ," ಅಂದ.

ಸುಗಂಧಿ ತಿರುಗಿ ಪೆಪ್ಪರ್‌ಮಿಂಟು ಕಂಡಳು. ಹೊಸ್ತಿಲಿಗೆ ನನ್ನನ್ನು ತಂದಿಟ್ಟದ್ದು ಅವನೇ ಎಂದು ತಾಯಿಯಿಂದ ತಿಳಿಯಿತು. ಪೈ ಮಾಡಿದ ಕೈಗೆಂದು ಅವನು ಇಟ್ಟದ್ದು, ಆ ಕೈ ಜಯಾಳದೆಂದು ಪಾಪ ಅವನು ನಂಬಿದ್ದಾನೆ, ಹೀಗೆ ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡಳು. ಆ ಸಂಜೆ ನನ್ನನ್ನು ತೊಳೆಯುತ್ತ ಮೊದಲ ಸಲ ಆ ಮಾತು ಹೇಳಿದಳು: "ಅವರಿಗೆ ಗೊತ್ತಿದ್ದಿದ್ರ ನನ್ನs ಕೇಳ್ತಿದ್ರು."

ಇಲ್ಲ ಸುಗಂಧಿ, ಅವನಿಗೆ ಗೊತ್ತು, ಎಂದು ಕೂಗಬೇಕೆನಿಸಿತು. ಬಡಿದರೆ ಟಣ್ಣೆನ್ನುವುದನ್ನು ಬಿಟ್ಟು ನನಗೆ ಬೇರೆ ಬಾಯಿಲ್ಲ.

ಎಸ್ತರವ್ವ ತೀರಿಕೊಂಡ ಮೇಲೆ, ಏಲೀಶನನ್ನು ಮದುವೆಯಾಗಿ ಹೋಗಿದ್ದ ಜಯಶೀಲಾ ಬಂದು, "ಒಬ್ಬಾಕಿನ ಇಲ್ಲಿ ಏನ್ ಮಾಡ್ತಿ ಅಕ್ಕಾ? ನಮ್ಮಲ್ಲೇ ಬಾ," ಎಂದು ಅಕ್ಕನನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಅಷ್ಟರಲ್ಲಿ ತಾನೇ ಪೈ ಮಾಡಲು ಹೋಗಿ, ಕುದಿಯುವ ಹಾಲಿಗೆ ನಿಂಬೆರಸ ಸುರಿದು ಒಡೆಸಿಕೊಂಡದ್ದು ಎಷ್ಟು ಸಲವೋ. ಸುಗಂಧಿಯ ಟ್ರಂಕಿನಲ್ಲಿ ಸೀರೆಗಳ ನಡುವೆ ನಾನೂ ಹೋದೆ. ಅಲ್ಲಿ ಕೆಂಡದ ಬದಲು ಕರೆಂಟಿನ ಓವನ್ ಇತ್ತು. ಈಸ್ಟರಿಗೆ, ಪಾದ್ರಿಯವರು ಬಂದಾಗ, ಏಲೀಶನ ಹುಟ್ಟುಹಬ್ಬಕ್ಕೆ ಸುಗಂಧಿ ಬೇಯಿಸುತ್ತಿದ್ದಳು, ಜಯಶೀಲಾ ಸೆರಗು ಸರಿಮಾಡಿಕೊಂಡು ನನ್ನನ್ನು ಮೇಜಿಗೆ ಒಯ್ಯುತ್ತಿದ್ದಳು. ಊರೆಲ್ಲ ಅದನ್ನು 'ಜಯಕ್ಕನ ಪೈ' ಅನ್ನುತ್ತಿತ್ತು. ನನ್ನ ಮೈ ಉರಿಯುತ್ತಿತ್ತು, ಓವನ್ನಿನ ಬಿಸಿಗಲ್ಲ.

ಸುಗಂಧಿಗೆ ಮಾತ್ರ ಸಿಟ್ಟಿರಲಿಲ್ಲ. ಅಡುಗೆಮನೆಯ ಪರದೆಯ ಸಂದಿನಿಂದ ಅವನು ತಿನ್ನುವುದನ್ನು ನೋಡುತ್ತಿದ್ದಳು. ಆಮೇಲೆ ನನ್ನನ್ನು ತೊಳೆಯುತ್ತ ಅದೇ ಮಾತು: ಅವರಿಗೆ ಗೊತ್ತಿದ್ದಿದ್ರ. ತಲೆಗೂದಲು ಬೆಳ್ಳಗಾದರೂ ಆ ಮಾತು ಹಳತಾಗಲಿಲ್ಲ. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ಜಯಶೀಲಾಳ ಮಗಳು ನಿರುಪಮಾಳನ್ನು ನೋಡಲು ಗಂಡಿನವರು ಬಂದ ದಿನವೂ ಪೈ ಆಯಿತು. "ಎಲ್ಲಾ ನಮ್ಮ ನಿರುಪಮಾನs ಮಾಡ್ಯಾಳ್ರಿ," ಎಂದು ಜಯಶೀಲಾ ಲವಲೇಶ ಅಳುಕಿಲ್ಲದೆ ಹೇಳಿದಳು. ಬೀಗರನ್ನು ಬಿಟ್ಟುಬರಲು ತಾಯಿ ಮಗಳು ಗೇಟಿನವರೆಗೆ ಹೋದರು. ಏಲೀಶ ನನ್ನನ್ನು ಎತ್ತಿಕೊಂಡು ನಗುತ್ತ ಅಡುಗೆಮನೆಗೆ ಬಂದ.

"ಅಕ್ಕಾರ, ಇದು ನಿಮ್ಮ ಮನಿತನದ ಪದ್ಧತೀನs ಆತು ನೋಡ್ರಿ. ನನಗೂ ಹಿಂಗs ಟೋಪಿ ಹಾಕಾಕ ನೋಡಿದ್ರಿ."

ಸುಗಂಧಿಯ ಕೈ ನಿಂತಿತು. "ಏನಂದ್ರಿ ಮಾಸ್ತರ?"

"ನಾ ಅವತ್ತs ನೋಡೀನ್ರಿ. ನಿಮ್ಮ ಮೊಳಕೈತನಾ ಮೈದಾ ಹತ್ತಿತ್ತು. ಅದಕ್ಕs ಪೆಪ್ಪರ್‌ಮಿಂಟ್ ಇಟ್ಟು ಹೋದೆ. ಹೆಂಡ್ತಿ ಚೆಂದಾಕಿ ಸಿಕ್ಕಳು, ಪೈ ಮಾಡೋ ಅಕ್ಕಾರು ಎಲ್ಲಿ ಹೋಗ್ತಾರ, ಇಲ್ಲೇ ಇರ್ತಾರ ಅಂತ ಹೂಂ ಅಂದೆ. ಸುಳ್ಳಾತೇನ್ರಿ?"

ಅವನು ಇದನ್ನು ಮೆಚ್ಚುಗೆಯೆಂದೇ ಹೇಳಿದ. ನನ್ನನ್ನು ಕಟ್ಟೆಯ ಮೇಲಿಟ್ಟು, ನಗುತ್ತಲೇ ಹೋದ. ಆ ಸಂಜೆ ಸುಗಂಧಿ ನನ್ನನ್ನು ಬಹಳ ಹೊತ್ತು ತೊಳೆದಳು. ಆ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.

ಮುಂದಿನ ಈಸ್ಟರಿಗೆ ಮೇಜಿನ ಸುತ್ತ ಎಲ್ಲರೂ ಕೂತಿದ್ದರು, ಪಾದ್ರಿಯವರೂ ಇದ್ದರು. "ಅಕ್ಕಾ, ಪೈ ಕೊಡು, ನಾ ಒಯ್ತೀನಿ," ಎಂದು ಜಯಶೀಲಾ ಎದ್ದಳು. ಸುಗಂಧಿ ಕೊಡಲಿಲ್ಲ. ಪರದೆ ಸರಿಸಿ, ಮುಚ್ಚಿದ ನನ್ನನ್ನು ತಾನೇ ಹಿಡಿದು ಬಂದು ಏಲೀಶನ ಮುಂದಿಟ್ಟು ಮುಚ್ಚಳ ತೆಗೆದಳು.

ನನ್ನೊಳಗೆ ಒಂದೇ ಒಂದು ಪೆಪ್ಪರ್‌ಮಿಂಟು ಇತ್ತು.

"ಇದೇನಕ್ಕಾ? ಪೈ ಎಲ್ಲಿ?"

"ಅವತ್ತ ಮಾಸ್ತರ ಇಟ್ಟಿದ್ದನ್ನ ವಾಪಸ್ ಕೊಟ್ಟೀನಿ," ಎಂದಳು ಸುಗಂಧಿ. "ಯಾಕಂತ ಅವರನ್ನs ಕೇಳು."

ಜಯಶೀಲಾ ಗಂಡನ ಮುಖ ನೋಡಿದಳು. ಜೀವಮಾನವಿಡೀ ಸುಗಂಧಿಯ ಮುಖ ನೋಡಿ ಮಾತಾಡಬಲ್ಲವನೆಂದು ಹೆಸರಾಗಿದ್ದ ಏಲೀಶ ಆ ದಿನ ತನ್ನ ಚಪ್ಪಲಿ ನೋಡುತ್ತ ಕೂತ.

ಸುಗಂಧಿ ಎಲ್ಲಿಗೂ ಹೋಗಲಿಲ್ಲ. ಹೋಗಲು ಎಲ್ಲಿತ್ತು? ರೊಟ್ಟಿ ಬಡಿದಳು, ಸಾರು ಮಾಡಿದಳು, ಆ ಮನೆಯಲ್ಲೇ ಕಣ್ಣು ಮುಚ್ಚಿದಳು. ಪೈ ಮಾತ್ರ ಮತ್ತೆ ಮಾಡಲಿಲ್ಲ. ಹಬ್ಬಕ್ಕೆ ಬೇಕರಿಯಿಂದ ಕೇಕು ಬರುತ್ತದೆ. ಯಾರೂ ಜಯಕ್ಕನ ಪೈ ಕೇಳುವುದಿಲ್ಲ.

ನಾನೀಗ ಹಿತ್ತಲಲ್ಲಿದ್ದೇನೆ, ನಲ್ಲಿಯ ಪಕ್ಕದಲ್ಲಿ. ನಿರಿಗೆಯ ಅಂಚು ತುಕ್ಕು ತಿಂದು ಉದುರುತ್ತಿದೆ. ಕೋಳಿಗಳು ನನ್ನೊಳಗಿನ ನೀರು ಕುಡಿಯುತ್ತವೆ. ಮುದುಕನಾದ ಏಲೀಶ ಕೋಲೂರಿಕೊಂಡು ಬಂದಾಗ ಒಮ್ಮೊಮ್ಮೆ ನನ್ನನ್ನು ಕಾಲಿನಿಂದ ಸರಿಸಿ ಹಾದುಹೋಗುತ್ತಾನೆ. ಅವಳಿಗೆ ಸತ್ಯ ಹೇಳಲು ನನಗೆ ಬಾಯಿಲ್ಲವಲ್ಲ ಎಂದು ಎಷ್ಟು ವರ್ಷ ಕೊರಗಿದ್ದೆ. ಈಗ ಕೊರಗುವುದಿಲ್ಲ. ಬಾಯಿದ್ದವನು ಹೇಳಿದ, ಅವಳ ಹತ್ತಿರ ಇದ್ದ ಒಂದೇ ಒಂದು ಸುಳ್ಳೂ ಹೋಯಿತು.