ಮ್ಯಾಕರೂನ್ ತಿಂದ ತೀರ್ಥಮ್ಮ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಓಂಕಾರಮೂರ್ತಿ ಮಂಗಳೂರಿನಿಂದ ಬರುವಾಗ ಒಂದು ಡಬ್ಬಿ ಮ್ಯಾಕರೂನ್ ಬಿಸ್ಕತ್ತನ್ನೂ ಒಂದು ಬಾಟಲಿ ಸಿಹಿ ವೈನನ್ನೂ ತಂದ. ಅಲ್ಲಿ ಬಿಸ್ಕತ್ತು ಕಂಪನಿಗೆ ಕೊಬ್ಬರಿ ಕೊಳ್ಳುವ ಪಿಂಟೋ ಅವರ ಮನೆಯಲ್ಲಿ ಊಟ ಮುಗಿದ ಮೇಲೆ ಎರಡನ್ನೂ ಜೊತೆಗೆ ಕೊಟ್ಟಿದ್ದರು. ಈಗ ಪಿಂಟೋ ಹೆಂಡತಿಯೊಂದಿಗೆ ಅರಸೀಕೆರೆಗೆ ಬಂದಿದ್ದ. ಸಂಜೆ ಇವರ ಮನೆಯಲ್ಲೇ ಊಟ. ಅವರು ಕೊಟ್ಟ ಹಾಗೆಯೇ ತಾನೂ ಕೊಡಬೇಕೆಂದು ಓಂಕಾರಮೂರ್ತಿಯ ಹಟ.

ಹೆಂಡತಿ ಮಲ್ಲಿಕಾಂಬ ಬೆಳಗಿನಿಂದ ಒಲೆಯ ಮುಂದಿದ್ದಳು. ಹೋಳಿಗೆ, ಚಿತ್ರಾನ್ನ, ಎರಡು ಪಲ್ಯ, ಸಾರು. ಹೋದ ವಾರ ಬ್ಯಾಂಕಿನವರು ಬಂದಿದ್ದರು, ಅದರ ಹಿಂದಿನ ವಾರ ಲಾರಿ ಮಾಲೀಕರು. ಯಾರು ಬಂದರೂ ಅದೇ ಹೊಗೆ, ಅದೇ ಬೆನ್ನುನೋವು.

ಗಂಡ ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಅವಳು ಹಿಂದೆ ಸರಿದಳು.

"ಕೊರಳಲ್ಲಿ ಲಿಂಗ ಕಟ್ಕೊಂಡು ನಾನದನ್ನ ಮುಟ್ಟಲ್ಲ ಕಣ್ರೀ."

"ನೀನು ಮುಟ್ಬೇಡ. ಲೋಟಕ್ಕೆ ಬಗ್ಗಿಸೋದು ನಾನು. ಬಿಸ್ಕತ್ತು ತಂದಿಡು, ಸಾಕು."

"ಅದ್ರಲ್ಲೇನು ಹಾಕಿರ್ತಾರೆ?"

"ಗೋಡಂಬಿ, ಸಕ್ಕರೆ. ಇನ್ನೇನಿರುತ್ತೆ?"

ಅತ್ತೆ ತೀರ್ಥಮ್ಮ ಮೂಲೆಯಲ್ಲಿ ಎಲೆ ಒರೆಸುತ್ತಿದ್ದರು. ಹಲ್ಲೆಲ್ಲ ಉದುರಿದ ಮೇಲೆ ಗಟ್ಟಿ ತಿಂಡಿಗಳ ಆಸೆಯನ್ನೇ ಬಿಟ್ಟಿದ್ದವರು. ಮಲ್ಲಿಕಾಂಬ ಒಂದು ಮ್ಯಾಕರೂನನ್ನು ಅವರ ಕೈಗಿಟ್ಟಳು. ಬಾಯಲ್ಲಿಟ್ಟ ಕೂಡಲೇ ಕರಗಿತು. ಮುದುಕಿ ಕಣ್ಣು ಮುಚ್ಚಿ ಚಪ್ಪರಿಸಿ, "ಇನ್ನೊಂದು ಕೊಡೇ ಮಲ್ಲಿ," ಎಂದು ನಕ್ಕರು. ಆ ನಗುವನ್ನು ಸೊಸೆ ಬಹಳ ದಿನದಿಂದ ನೋಡಿರಲಿಲ್ಲ.

ಊಟವಾಯಿತು. ಪಿಂಟೋ ದಂಪತಿ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಇನ್ನು ಸಾಕೆನ್ನುವಾಗ ಓಂಕಾರಮೂರ್ತಿ ಶರಬತ್ತಿನ ಲೋಟಗಳಿಗೆ ವೈನು ಬಗ್ಗಿಸಿದ. ಮಲ್ಲಿಕಾಂಬ ಮ್ಯಾಕರೂನ್ ತಟ್ಟೆ ತಂದಿಟ್ಟಳು.

"ಅಯ್ಯೋ, ಇದೆಲ್ಲ ನಮಗೋಸ್ಕರ ಯಾಕೆ?" ಎಂದಳು ಪಿಂಟೋನ ಹೆಂಡತಿ ಸಂಕೋಚದಿಂದ. ಒಂದನ್ನು ಮುರಿದು, "ಚೆನ್ನಾಗಿದೆ. ಮೊಟ್ಟೆಯ ಬಿಳಿ ಸರಿಯಾಗಿ ನೊರೆ ಬಂದ್ರೆ ಮಾತ್ರ ಇಷ್ಟು ಹಗುರ ಆಗೋದು. ನೀವು ಮೊಟ್ಟೆ ತಿನ್ನಲ್ಲ ಅಂದ್ಕೊಂಡಿದ್ದೆ," ಎಂದಳು.

ಮಲ್ಲಿಕಾಂಬ ಗಂಡನ ಕಡೆ ನೋಡಿದಳು. ಅವನು ಲೋಟದೊಳಗೆ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು.

ಕೂಗಾಡಲು ಅವಳಿಗೆ ತ್ರಾಣವಿರಲಿಲ್ಲ. ಪಿಂಟೋನ ಹೆಂಡತಿಗೆ ಎಲೆಯಡಿಕೆ, ತೆಂಗಿನಕಾಯಿ ಕೊಟ್ಟು ಕಳಿಸಿದಳು. ಜೀಪು ಹೊರಟ ಮೇಲೆ, "ಅತ್ತೆ ಎರಡು ತಿಂದವ್ರೆ," ಎಂದಳು.

"ಹೇಳೋಕೆ ಹೋಗ್ಬೇಡ. ಗೊತ್ತಿಲ್ದೆ ತಿಂದ್ರೆ ಏನೂ ಆಗಲ್ಲ."

ಬೆಳಿಗ್ಗೆ ತೀರ್ಥಮ್ಮ ಲಿಂಗಪೂಜೆ ಮುಗಿಸಿ ಕಾಫಿಗೆ ಕೂತು, "ನೆನ್ನೇದು ಉಳಿದೈತೇನೇ?" ಎಂದು ಕೇಳಿದರು. ಉಳಿದಿತ್ತು. ಮಲ್ಲಿಕಾಂಬ ಡಬ್ಬಿಗೆ ಕೈ ಹಾಕಿ ಹಾಗೆಯೇ ನಿಂತಳು. ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಸುಳ್ಳು ಹೇಳಿ ಅದನ್ನು ದಿನಾ ಕಾಪಾಡಿಕೊಂಡು ಬರುವುದೂ ಒಂದು ಕೆಲಸವೇ.

"ಅತ್ತೆ, ಅದಕ್ಕೆ ಮೊಟ್ಟೆ ಹಾಕಿರ್ತಾರಂತೆ. ನಂಗೆ ಗೊತ್ತಿರ್ಲಿಲ್ಲ."

ಮುದುಕಿ ಕಾಫಿ ಲೋಟ ಕೆಳಗಿಟ್ಟರು. ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು.

"ಅವನಿಗೆ?"

"ಗೊತ್ತಿತ್ತು."

ತೀರ್ಥಮ್ಮ ಮಗನನ್ನು ಕೂಗಿದರು. ಅವನು ಅಂಗಿ ಗುಂಡಿ ಹಾಕಿಕೊಳ್ಳುತ್ತ ಬಂದ.

"ನಾನು ತಿಂದಿದ್ದಕ್ಕೆ ಶಿವನ ಹತ್ರ ನಾನೇ ಮಾತಾಡ್ಕೋತೀನಿ. ನೀನು ಇನ್ಮೇಲೆ ನಿನ್ನ ವ್ಯಾಪಾರದ ಊಟಾನೆಲ್ಲ ಹೋಟ್ಲಲ್ಲಿ ಇಟ್ಕೋ."

"ಅವ್ವ, ಹೋಟ್ಲಲ್ಲಿ ಮರ್ಯಾದೆ ಇರಲ್ಲ ಕಣವ್ವ."

"ಮರ್ಯಾದೆ! ಇವಳ ಕಾಲು ನೋಡಿದೀಯೇನೋ? ಹೆಂಗೆ ಊದ್ಕೊಂಡವೆ ನೋಡು."

ಓಂಕಾರಮೂರ್ತಿ ನೋಡಲಿಲ್ಲ. ಹೆಂಡತಿಯ ಮುಖವನ್ನು ದುರುಗುಟ್ಟಿ ನೋಡಿ, ತಿಂಡಿ ತಿನ್ನದೆ ಕೊಬ್ಬರಿ ಮಂಡಿಗೆ ಹೊರಟುಹೋದ. ಮುಂದೆ ಎಷ್ಟೋ ದಿನ ಅವಳೊಡನೆ ಮಾತೂ ಆಡಲಿಲ್ಲ. ಆದರೆ ವ್ಯಾಪಾರಕ್ಕೆ ಬಂದವರನ್ನು ಸ್ಟೇಷನ್ ಹತ್ತಿರದ ಹೋಟೆಲಿಗೇ ಕರೆದೊಯ್ಯತೊಡಗಿದ.

ಅಂದು ತೀರ್ಥಮ್ಮ ಇನ್ನೊಮ್ಮೆ ಸ್ನಾನ ಮಾಡಿ ಬಂದರು. ಹಿತ್ತಲಲ್ಲಿ ರಾತ್ರಿಯ ಪಾತ್ರೆಗಳು ರಾಶಿ ಬಿದ್ದಿದ್ದವು. ಬೂದಿ, ತೆಂಗಿನ ನಾರು ಎಳೆದುಕೊಂಡು ತಾವೇ ಕೂತರು.

"ಬಿಡಿ ಅತ್ತೆ, ನಾನು ತೊಳೀತೀನಿ."

"ಹೋಗಿ ಮಲಕ್ಕೋ ಹೋಗೇ."

ಮಲ್ಲಿಕಾಂಬ ನಡುಮನೆಯ ತಣ್ಣನೆ ನೆಲದ ಮೇಲೆ ಸೆರಗು ಹಾಸಿ ಮಲಗಿದಳು. ಅತ್ತೆಗೆ ತನ್ನ ಕಾಲು ಕಂಡಿತ್ತಲ್ಲ ಎಂದುಕೊಳ್ಳುತ್ತಿರುವಾಗಲೇ ನಿದ್ದೆ ಬಂತು.