ಕೊಳೆಯದ ಪಟ್ಟಿ

ಹುಟ್ಟಿದ್ದೆಲ್ಲವನ್ನೂ ಕಾಲಕ್ಕೆ ಸರಿಯಾಗಿ ಮಣ್ಣಿಗೆ ಮರಳಿಸುವ, ಕಣ್ಣಿಗೆ ಕಾಣದ ಅಣುಜೀವಿಗೂ ಒಂದು ಕಾರ್ಯವನ್ನು ಒಪ್ಪಿಸಿರುವ ಪರಮೇಶ್ವರನಿಗೆ ಮೊದಲ ನಮಸ್ಕಾರ. ಆ ಅಣುಜೀವಿಗಿಂತ ತಾನೇ ಬಲ್ಲವನೆಂದು ತಿಳಿದವನೊಬ್ಬನ ಕಥೆಯನ್ನು ಹೇಳಹೊರಟಿದ್ದೇನೆ. ನಾಲಗೆ ಹದ ತಪ್ಪದಿರಲೆಂದು ಬೇಡಿಕೊಳ್ಳುತ್ತೇನೆ. ತಪ್ಪಿದರೆ ಅದಕ್ಕೆ ಕಾರಣ ಕಥಾನಾಯಕನೇ ಹೊರತು ನಾನಲ್ಲ.

ಗಿಡದ ಸಕ್ಕರೆಯನ್ನು ಹುಳಿ ಬರಿಸಿ, ಅದರಿಂದ ಪಾಲಿಮರ್ ಮಾಡಿ, ಕಾಯಿಸಿ ಎಳೆ ತೆಗೆದು, ಗಾಯಕ್ಕೆ ಕಟ್ಟುವ ಪಟ್ಟಿಯನ್ನು ನೇಯುವ ಕಾರ್ಖಾನೆ ಅದು. ಎಳೆಯೊಳಗೆ ಒಂದು ಸೊಪ್ಪಿನ ಸಾರ ಬೆರೆತಿದ್ದುದರಿಂದ ಪಟ್ಟಿಯು ಗಾಯದ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಿತ್ತು. ಬಳಸಿ ಬಿಸುಟ ಮೇಲೆ ಬಿಸಿ ಗೊಬ್ಬರದಲ್ಲಿ ತೊಂಬತ್ತು ದಿನಗಳಲ್ಲಿ ಕರಗಿಹೋಗುತ್ತಿತ್ತು. ಈ ಎರಡು ಗುಣಗಳ ನಡುವಿನ ಹದವನ್ನು ಕಂಡುಕೊಳ್ಳಲು ಯಜಮಾನರಿಗೆ ಆರು ವರ್ಷ ಹಿಡಿಯಿತು. ಕೆಡಿಸಲು ಅವರ ಹೆಂಡತಿಯ ತಮ್ಮನಿಗೆ ಒಂದು ಮಧ್ಯಾಹ್ನ ಸಾಕಾಯಿತು.

ಈತ ಉತ್ಪಾದನಾ ವಿಭಾಗದ ಮುಖ್ಯಸ್ಥ. ಆ ಪದವಿಗೆ ಅವನಲ್ಲಿದ್ದ ಅರ್ಹತೆಯೆಂದರೆ ಅಕ್ಕ. ಕಾರ್ಖಾನೆಯವರೆಲ್ಲ ಬೆನ್ನ ಹಿಂದೆ ಅವನನ್ನು ‘ಭಾವಮೈದುನ’ ಎಂದೇ ಕರೆಯುತ್ತಿದ್ದರು. ಬೇರೆ ಬಿರುದನ್ನು ಅವನು ಗಳಿಸಿರಲಿಲ್ಲ. ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಯ ನಡುವೆ ಎಳೆಯ ತುಂಡನ್ನಿಟ್ಟರೆ, ಅವು ಸತ್ತ ಜಾಗ ಸುತ್ತಲೂ ತಿಳಿಯಾದ ಉಂಗುರದಂತೆ ಕಾಣುತ್ತದೆ. ಒಂದು ದಿನ ಪ್ರಯೋಗಾಲಯಕ್ಕೆ ಬಂದ ಭಾವಮೈದುನ ಆ ಉಂಗುರವನ್ನು ಕಂಡು ಮೂಗು ಮುರಿದ.

“ಇಷ್ಟೇನಾ? ನಮ್ಮ ಭಾವ ಯಾವಾಗ್ಲೂ ಸಣ್ಣದಾಗೇ ಯೋಚನೆ ಮಾಡ್ತಾರೆ. ಸಾರ ನಾಲ್ಕು ಪಟ್ಟು ಹಾಕಿ. ಭಾವನಿಗೆ ಹೇಳ್ಬೇಡಿ, ಆಮೇಲೆ ತೋರಿಸಿ ಖುಷಿಪಡಿಸೋಣ.”

ಉಂಗುರ ತಟ್ಟೆಯ ಅಂಚನ್ನು ಮುಟ್ಟಿತು. ಭಾವಮೈದುನ ಅದರ ಚಿತ್ರಕ್ಕೆ ಕಟ್ಟು ಹಾಕಿಸಿ, ತನ್ನ ಕೋಣೆಯಲ್ಲಿ ಹಿರಿಯರ ಭಾವಚಿತ್ರಕ್ಕೆ ಸಲ್ಲುವ ಜಾಗದಲ್ಲಿ ತೂಗುಹಾಕಿ, ಅದರಡಿಯಲ್ಲಿ ಕುಳಿತು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಪಟ್ಟಿ ಕರಗುತ್ತದೆಯೆಂಬ ಪ್ರಮಾಣಪತ್ರ ಕೊಡಲು ಪರೀಕ್ಷಾಧಿಕಾರಿಣಿ ಬಂದದ್ದು, ಈ ಹೊಸ ಪಟ್ಟಿಯನ್ನು ಗೊಬ್ಬರದಲ್ಲಿ ಹೂತ ತೊಂಬತ್ತನೆಯ ದಿನ. ಗೊಬ್ಬರದ ತೊಟ್ಟಿಗಳನ್ನು ಹದಿನೆಂಟು ವರ್ಷಗಳಿಂದ ನೀರು, ಕಾವು, ಗಾಳಿ ಮೂರನ್ನೂ ತಪ್ಪಿಸದೆ ನೋಡಿಕೊಂಡು ಬಂದವಳು ತೊಟ್ಟಿಯಮ್ಮ. ಆಕೆಗೆ ಬೇರೆ ಕಸುಬು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಲ್ಲರ ಎದುರಿಗೆ ಆಕೆ ಗೊಬ್ಬರವನ್ನು ಸರಿಸಿ ಪಟ್ಟಿಯನ್ನು ಎತ್ತಿದಳು. ಅದು ಮದುವಣಿಗನ ಅಂಗವಸ್ತ್ರದಂತೆ ಬೆಳ್ಳಗಿತ್ತು. ಅದರ ಮೇಲೆ ಬರೆದ ಸಂಖ್ಯೆ ಕೂಡ ಅಳಿಸಿರಲಿಲ್ಲ.

ಭಾವಮೈದುನ ತಡವರಿಸಲಿಲ್ಲ. ಮೂರ್ಖರಿಗೆ ದೇವರು ಆ ಒಂದು ವೇಗವನ್ನು ಧಾರಾಳವಾಗಿ ಕೊಟ್ಟಿರುತ್ತಾನೆ.

“ಗೊಬ್ಬರ ಸತ್ತಿದೆ ಭಾವ! ಈಯಮ್ಮ ನೀರು ಹಾಕಿಲ್ಲ, ತಿರುವಿಲ್ಲ. ಇವತ್ತೇ ಮನೆಗೆ ಕಳಿಸಿ.”

ಯಜಮಾನರು ತೊಟ್ಟಿಯಮ್ಮನ ಕಡೆ ತಿರುಗಿದರು. “ಏನಮ್ಮ ಇದು? ಹೌದಾದ್ರೆ ನಾನೂ ಏನೂ ಮಾಡೋಕಾಗಲ್ಲ.”

“ಹೌದಾದ್ರೆ ನೀವು ಕಳಿಸೋದೇನು ಸಾರ್, ನಾನೇ ಹೋಗ್ತೀನಿ. ಒಂದು ಗಳಿಗೆ ನಿಲ್ಲಿ. ಪಟ್ಟಿ ಹೂಳೋವಾಗ್ಲೆಲ್ಲ ಪ್ರತಿ ತೊಟ್ಟಿಗೂ ಎರಡು ತುಂಡು ಹತ್ತಿಬಟ್ಟೆ ಹಾಕ್ತೀನಿ, ಒಂದು ಆ ಮೂಲೇಲಿ, ಒಂದು ಪಟ್ಟಿ ಪಕ್ಕದಲ್ಲೇ. ಗೊಬ್ಬರಕ್ಕೆ ಜೀವ ಇದ್ರೆ ಹತ್ತಿ ಉಳಿಯಲ್ಲ.”

ಆಕೆ ದೂರದ ಮೂಲೆಯನ್ನು ಬಗೆದಳು. ಬಟ್ಟೆಯನ್ನಿಟ್ಟಿದ್ದ ನೈಲಾನ್ ಬಲೆಚೀಲ ಸಿಕ್ಕಿತು. ಒಳಗೆ ಕಪ್ಪಾದ ಮೂರು ನೂಲುಗಳ ಹೊರತು ಏನೂ ಇರಲಿಲ್ಲ. ಅನಂತರ ಪಟ್ಟಿಯಿದ್ದ ಜಾಗದಿಂದ ಇನ್ನೊಂದು ಚೀಲವನ್ನೆತ್ತಿದಳು. ಅದರೊಳಗಿನ ಹತ್ತಿಬಟ್ಟೆ ಇಟ್ಟದ್ದು ಇಟ್ಟಂತೆಯೇ ಇತ್ತು.

ಅಧಿಕಾರಿಣಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. “ಗೊಬ್ಬರ ಚೆನ್ನಾಗೇ ಇದೆ. ನಿಮ್ಮ ಪಟ್ಟೀನೇ ತನ್ನ ಸುತ್ತ ಇದ್ದ ಬ್ಯಾಕ್ಟೀರಿಯಾನೆಲ್ಲ ಕೊಂದುಹಾಕಿದೆ. ಇನ್ನು ಅದನ್ನ ಕರಗಿಸೋರು ಯಾರು?”

“ಅಡುಗೆಯವರನ್ನೆಲ್ಲ ಓಡಿಸಿ, ಊಟ ಯಾಕೆ ಬಂದಿಲ್ಲ ಅಂತ ನನ್ನ ಕೇಳಿದ್ರೆ?” ಎಂದಳು ತೊಟ್ಟಿಯಮ್ಮ.

ಯಜಮಾನರ ಮುಖ ಕೆಂಪಾಯಿತು. “ಸಾರದ ಅಳತೆ ಬದಲಾಯಿಸಿದ್ದು ಯಾರು?”

“ಬದಲಾಯಿಸಿಲ್ಲ ಭಾವ, ಸುಧಾರಿಸಿದೆ.” ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಭಾವಮೈದುನನೇ ಅಲ್ಲ. “ಯೋಚನೆ ಮಾಡಿ, ಕೊಳೆಯದ ಪಟ್ಟಿ ಅಂತಲೇ ಮಾರಬಹುದು! ಜನಕ್ಕೆ ಬಾಳಿಕೆ ಬೇಕು.”

“ಗಾಯಕ್ಕೆ ಬಾಳಿಕೆ ಯಾಕ್ರೀ?” ಎಂದು ಅಧಿಕಾರಿಣಿ ಕಾಗದಗಳನ್ನು ಚೀಲಕ್ಕೆ ಸೇರಿಸಿದರು. “ಸರಿಯಾದ ಪಟ್ಟಿ ಹೂತು, ಮೂರು ತಿಂಗಳಾದ ಮೇಲೆ ಕರೀರಿ.”

ಅಧಿಕಾರಿಣಿ ಹೋದ ಮೇಲೆ ಯಜಮಾನರು ತೊಟ್ಟಿಯಮ್ಮನ ಬಳಿಗೆ ಬಂದರು. “ತಪ್ಪಾಯ್ತಮ್ಮ,” ಎಂದರು. “ಹಳೇ ಅಳತೇದೇ ಇವತ್ತು ಹೂಳಿ. ಇನ್ಮೇಲೆ ನಿಮ್ಮ ರುಜು ಇಲ್ದೆ ಅಳತೆ ಬದಲಾಗೋ ಹಾಗಿಲ್ಲ.”

“ರುಜು ಹಾಕೋಣ ಸಾರ್. ಆದ್ರೆ ಸಾರ ಇಳಿದಿರೋ ಈ ತೊಟ್ಟಿ ಪೂರ್ತಿ ಖಾಲಿಮಾಡಿ ಹೊಸ ಗೊಬ್ಬರ ತುಂಬಬೇಕು. ನನ್ನೊಬ್ಬಳ ಕೈಲಾಗಲ್ಲ.”

ಯಜಮಾನರು ಗೋಡೆಗೊರಗಿಸಿದ್ದ ಸಲಿಕೆಯನ್ನು ತೆಗೆದು ಹೆಂಡತಿಯ ತಮ್ಮನ ಕೈಗಿತ್ತರು.

“ಅಕ್ಕನಿಗೆ ಫೋನ್ ಮಾಡ್ತೀನಿ ಭಾವ!”

“ಮಾಡಪ್ಪ. ಅವಳೂ ಬರಲಿ, ಇನ್ನೊಂದು ಸಲಿಕೆ ಇದೆ.”

ತೊಟ್ಟಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕಿಳಿದಳು. ಉತ್ಪಾದನಾ ವಿಭಾಗದ ಮುಖ್ಯಸ್ಥನು ಸಲಿಕೆಯ ಯಾವ ತುದಿಯನ್ನು ಹಿಡಿಯಬೇಕೆಂದು ಆಲೋಚಿಸುತ್ತ ನಿಂತನು.

ಇದನ್ನು ಕೇಳಿದವರ ಮನೆಗಳಲ್ಲಿ ದುಡಿಯುವ ಕೈಗೆ ಗೌರವವೂ ತಿಳಿದವರ ಮಾತಿಗೆ ಕಿವಿಯೂ ದೊರೆಯಲಿ. ಆರೋಗ್ಯವೂ ಅನ್ನವೂ ಎಂದಿಗೂ ಕುಂದದಿರಲಿ. ಭಾವಮೈದುನನೂ ಸೇರಿದಂತೆ ಸಕಲರಿಗೂ ಸನ್ಮಂಗಳವಾಗಲಿ.