ಅಕ್ಕ ಹೇಳದೆ ಹೋದದ್ದು

ತಾಯಿಯಿಲ್ಲದ ಮಗುವನ್ನು ಇನ್ನು ಸಾಕುವವರು ಯಾರು? ಬಡಗಿಯ ಮನೆಯಲ್ಲಿ ಆಗ ಎಲ್ಲರ ಬಾಯಲ್ಲೂ ಅದೊಂದೇ ಮಾತು.

ಬಡಗಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಪಕ್ಕದ ಪಟ್ಟಣದ ಪೇಂಟರನಿಗೆ ಕೊಟ್ಟಿದ್ದ. ಹೊಸ ಕಟ್ಟಡಗಳಿಗೆ ಬಣ್ಣ ಹೊಡೆಯಲು ಊರೂರು ಸುತ್ತುವವನು ಅವನು. ದೊಡ್ಡವಳು ಜ್ವರ, ಭೇದಿ, ಕೆಮ್ಮು ಎಂದು ನರಳಿ ನರಳಿ, ಕೊನೆಗೆ ಮೂಳೆಗೂಡಾಗಿ ತೀರಿಕೊಂಡಳು. ಟಿ.ಬಿ. ಎಂದ ಅಳಿಯ. ಎಲ್ಲರೂ ನಂಬಿದರು. ಅವಳ ಪುಟ್ಟ ಮಗಳು ಅಜ್ಜನ ಮನೆ ಸೇರಿದಳು. ಹಟ ಹಿಡಿದರೆ ಜಗ್ಗದ ಮಗು. ಅಜ್ಜ ಅವಳನ್ನು 'ಮೊಂಡಿ' ಎಂದೇ ಕರೆಯುತ್ತಿದ್ದ.

"ಅಳಿಯಂದ್ರು ಇನ್ನೂ ಚಿಕ್ಕ ವಯಸ್ಸು. ನಾಳೆ ಇನ್ನೊಬ್ಬಳನ್ನ ಕಟ್ಟಿಕೊಂಡ್ರೆ ಈ ಮಗು ಗತಿಯೇನು?" ಎಂದಳು ಬಡಗಿಯ ಹೆಂಡತಿ. "ಚಿಕ್ಕವಳನ್ನೇ ಕೊಟ್ಟುಬಿಡೋಣ. ಮಗು ಮನೆಯಲ್ಲೇ ಉಳಿಯುತ್ತೆ."

ಚಿಕ್ಕವಳು ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ ಮಾಡುತ್ತಿದ್ದಳು. ಅವಳು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಮೊಂಡಿ ಅವಳ ಕೊರಳಿಗೆ ಜೋತುಬಿದ್ದಿದ್ದಳು. ಅದನ್ನೇ ಒಪ್ಪಿಗೆ ಎಂದುಕೊಂಡು ದಿನ ಗೊತ್ತುಮಾಡಿದರು.

ಮಗುವಿಗೆ ಪದೇ ಪದೇ ಜ್ವರ. ಕಿವಿ ಸೋರುತ್ತಿತ್ತು. ಎಷ್ಟು ತಿನ್ನಿಸಿದರೂ ಮೈ ಹತ್ತುತ್ತಿರಲಿಲ್ಲ. ಚಿಕ್ಕವಳು ಅವಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು. ನರ್ಸ್ ಮಗುವಿನ ಬಾಯಿ ತೆರೆಸಿ ನಾಲಿಗೆಯ ಮೇಲಿನ ಬಿಳಿ ಪದರ ನೋಡಿದಳು. ಕಂಕುಳಲ್ಲಿ ಗಂಟು ಇದೆಯೇ ಎಂದು ಮುಟ್ಟಿ ನೋಡಿದಳು.

"ಇವಳಮ್ಮ ಎಲ್ಲಿ?"

"ತೀರಿಕೊಂಡ್ಲು ಸಿಸ್ಟರ್. ಟಿ.ಬಿ. ಆಗಿತ್ತಂತೆ. ಈಗ ಭಾವನ್ನ ನಾನೇ ಮದುವೆ ಆಗ್ತಿದೀನಿ."

ನರ್ಸ್ ಮಗುವಿನ ಬಾಯಿ ಒರೆಸಿದಳು. ಆಮೇಲೆ, "ಸಂಜೆ ನಿಮ್ಮನೆಗೆ ಬರ್ತೀನಿ. ಅಪ್ಪ ಇರ್ತಾರಾ?" ಎಂದಳು.

ಸಂಜೆ ಬಡಗಿ ಮನೆಯ ಮುಂದೆ ಬಾಗಿಲ ಹಲಗೆ ಉಜ್ಜುತ್ತಿದ್ದ. ನರ್ಸ್ ಬಂದವಳು ನೇರವಾಗಿ ವಿಷಯಕ್ಕೆ ಬಂದಳು.

"ಯಜಮಾನ್ರೇ, ಮದುವೆಗೆ ಮುಂಚೆ ಗಂಡು ಹೆಣ್ಣು ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಮಗುವಿಗೂ ಮಾಡಿಸಿ. ಎಚ್‌ಐವಿ ಪರೀಕ್ಷೆ."

ಬಡಗಿಯ ಮುಖ ಕೆಂಪಾಯಿತು. "ಏನಂದ್ರಿ? ಅದು ದಾರಿ ಬಿಟ್ಟವರಿಗೆ ಬರೋ ಕಾಯಿಲೆ. ನನ್ನ ಅಳಿಯ ಬೀಡಿ ಕೂಡ ಸೇದಲ್ಲ!"

"ನಿಮ್ಮ ಅಳಿಯನಿಗೆ ಇದೆ ಅಂತ ನಾನು ಹೇಳ್ತಿಲ್ಲ. ನನಗೆ ಗೊತ್ತೂ ಇಲ್ಲ. ಸೋಂಕಿದ್ದೋರು ಎಷ್ಟೋ ವರ್ಷ ಗಟ್ಟಿಮುಟ್ಟಾಗೇ ಓಡಾಡಿಕೊಂಡಿರ್ತಾರೆ. ರಕ್ತ ನೋಡದೆ ಅವರಿಗೇ ತಿಳಿಯಲ್ಲ."

"ನನ್ನ ಮಗಳನ್ನ ಮಣ್ಣು ಮಾಡಿ ಇನ್ನೂ ಕಣ್ಣೀರು ಆರಿಲ್ಲ. ಅವಳ ಮೇಲೆ ಕೆಸರು ಎರಚೋಕೆ ಬಂದ್ರಾ? ನಡೀರಿ ಆಚೆ!"

ನರ್ಸ್ ಹೊರಡಲು ತಿರುಗಿದಳು. ಆಗ ಚಿಕ್ಕವಳು ಬಾಗಿಲಿಗೆ ಬಂದಳು.

"ಅಪ್ಪಾ, ಯಾರದೋ ಮನೆ ಬಾಗಿಲಿಗೆ ಮರ ತರುವಾಗ ಹುಳ ಹಿಡಿದಿದೆಯಾ ಅಂತ ನಾಲ್ಕು ಕಡೆ ತಟ್ಟಿ ನೋಡ್ತೀಯ. ನನ್ನ ಬಾಳಿನ ವಿಷಯದಲ್ಲಿ ನೋಡಬಾರದಾ?"

 ಬಡಗಿ ತಲೆ ತಗ್ಗಿಸಿ ಮತ್ತೆ ಹಲಗೆ ಉಜ್ಜತೊಡಗಿದ.

ಮರುದಿನವೇ ಚಿಕ್ಕವಳು ಒಬ್ಬಳೇ ಹೋಗಿ ರಕ್ತ ಕೊಟ್ಟು ಬಂದಳು. ಸೋಂಕಿರಲಿಲ್ಲ. "ನಿಂದೊಂದೇ ಸಾಲದು. ಅವರದೂ ಗೊತ್ತಾಗಬೇಕು," ಎಂದಳು ನರ್ಸ್. ಭಾವನಿಗೆ ಫೋನು ಮಾಡಿದರೆ, ಗೋಡೆ ಇನ್ನೂ ಒಣಗಿಲ್ಲ, ಮೇಸ್ತ್ರಿ ರಜೆ ಕೊಡಲ್ಲ ಎಂದ. ಇನ್ನೊಮ್ಮೆ ಮಾಡಿದರೆ ಎತ್ತಲೇ ಇಲ್ಲ.

ಮದುವೆ ಹತ್ತಿರ ಬಂದಾಗ ಅವನು ಮಗಳಿಗೆ ಹೊಸ ಲಂಗ ಹಿಡಿದುಕೊಂಡು ಬಂದ. ಉಗುರಿನ ಸಂದಿಯಲ್ಲಿ ಬಣ್ಣ ಹಾಗೇ ಇತ್ತು. ಮೊಂಡಿ ಅಪ್ಪನ ತೊಡೆಯೇರಿ ಕೂತಳು. ಚಿಕ್ಕವಳು ನೀರು ತಂದುಕೊಟ್ಟು, ಎಲ್ಲರ ಎದುರಿಗೇ ಕೇಳಿದಳು.

"ಭಾವ, ನಾನು ಪರೀಕ್ಷೆ ಮಾಡಿಸಿದೆ. ನೀವು ಯಾವಾಗ ಮಾಡಿಸ್ತೀರಿ?"

ಪೇಂಟರ್ ಲೋಟ ಕೆಳಗಿಟ್ಟ. 

"ಮಾಡಿಸೋದೇನೂ ಉಳಿದಿಲ್ಲ," ಎಂದ. "ನನಗಿದೆ. ನಿಮ್ಮಕ್ಕನಿಗೂ ಇತ್ತು. ನನ್ನಿಂದಲೇ ಬಂತು."

ಬಡಗಿಯ ಹೆಂಡತಿ ಮೊಮ್ಮಗಳನ್ನು ಅವನ ತೊಡೆಯಿಂದ ತನ್ನ ಮಡಿಲಿಗೆ ಎಳೆದುಕೊಂಡಳು.

ಅವನೇ ಎಲ್ಲ ಬಿಡಿಸಿ ಹೇಳಿದ. ಬಸುರಿಯಾಗಿದ್ದಾಗ ದೊಡ್ಡವಳಿಗೆ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಮಾತ್ರೆ ಕೊಟ್ಟಿದ್ದರು. ಒಂದಷ್ಟು ದಿನ ನುಂಗಿದಳು. ಆದರೆ ಮಾತ್ರೆ ಕೊಡುವ ಕಿಟಕಿ ರಸ್ತೆಗೆ ಕಾಣುತ್ತಿತ್ತು. ಅಲ್ಲಿ ನಿಂತವರಿಗೆ ಏನು ಕಾಯಿಲೆ ಎಂದು ಬೀದಿಗೆಲ್ಲ ತಿಳಿಯುತ್ತಿತ್ತು. ಕೆಲವೊಮ್ಮೆ ಅಷ್ಟು ದೂರ ಹೋದರೆ ಮಾತ್ರೆ ಇನ್ನೂ ಬಂದಿಲ್ಲ ಎಂದು ವಾಪಸ್ ಕಳಿಸುತ್ತಿದ್ದರು. ಹೆರಿಗೆಯಾದ ಮೇಲೆ ಅವಳು ಹೋಗುವುದನ್ನೇ ಬಿಟ್ಟಳು. ಆದರೂ ಮಗುವಿಗೆ ಎದೆಹಾಲು ಕುಡಿಸುತ್ತಲೇ ಇದ್ದಳು. ಪೇಂಟರ್ ಮಾತ್ರೆ ಶುರುವೇ ಮಾಡಿರಲಿಲ್ಲ.

ಬಡಗಿ ಅಳಿಯನ ಅಂಗಿ ಹಿಡಿದೆಳೆದ. "ಅವಳು ಸಾಯೋದನ್ನ ನೋಡ್ಕೊಂಡು ಕೂತಿದ್ದೆಯೇನೋ! ನಮಗೊಂದು ಮಾತು ಹೇಳೋಕೆ ಆಗಲಿಲ್ವಾ? ಈಗ ಇವಳನ್ನೂ ಕೊಲ್ಲೋಕೆ ಹೊರಟಿದ್ದೀಯಾ?"

"ತಪ್ಪು ನಂದೇ ಮಾವ. ಹೊಡೀರಿ," ಎಂದ ಪೇಂಟರ್. "ನಿಮಗೆ ಹೇಳೋಣ ಅಂತ ನಾನು ಅಂದೆ. ಅವಳೇ ಬೇಡ ಅಂದ್ಲು. ಹಿಂದಿನ ಬೀದಿ ಇಸ್ತ್ರಿಯವನಿಗೆ ಈ ಕಾಯಿಲೆ ಅಂತ ಗೊತ್ತಾದಾಗ, ಅವನ ಮನೆ ಬಾಗಿಲು ರಿಪೇರಿಗೂ ನೀವು ಹೋಗಲಿಲ್ಲವಂತೆ. ಅಂಥವರ ಹೊಸಲು ತುಳಿಯಲ್ಲ ಅಂದ್ರಂತೆ. ಅವಳು ಆಗ ಇಲ್ಲೇ ನಿಂತು ಕೇಳಿಸಿಕೊಂಡಿದ್ಲು. 'ನಮ್ಮಪ್ಪ ನನ್ನನ್ನೂ ಒಳಗೆ ಸೇರಿಸಲ್ಲ' ಅಂದ್ಲು."

ಬಡಗಿಯ ಕೈ ಸಡಿಲವಾಯಿತು. ಹೇಳಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಬಂದ ಉತ್ತರ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. ಅಲ್ಲೇ ಮರದ ಹೊಟ್ಟಿನ ಮೇಲೆ ಕೂತು, ಮಗಳು ಸತ್ತ ದಿನವೂ ಅಳದಷ್ಟು ಅತ್ತ.

ಮದುವೆ ನಿಂತಿತು. ಮೊಂಡಿಯ ರಕ್ತ ಪರೀಕ್ಷೆಯಾಯಿತು. ಅವಳಿಗೂ ಸೋಂಕಿತ್ತು.

"ಇನ್ನು ಇವಳ ತಟ್ಟೆ, ಹಾಸಿಗೆ ಬೇರೆ ಮಾಡಬೇಕಾ?" ಅಜ್ಜಿ ಅಳುತ್ತ ಕೇಳಿದಳು.

"ಏನೂ ಬೇಡಮ್ಮ," ಎಂದಳು ನರ್ಸ್. "ಒಟ್ಟಿಗೆ ಉಂಡ್ರೆ, ಮುದ್ದಾಡಿದ್ರೆ, ಸೊಳ್ಳೆ ಕಚ್ಚಿದ್ರೆ ಇದು ಬರಲ್ಲ. ಸೋಂಕಿರೋರ ಜೊತೆ ಕಾಂಡೋಮ್ ಇಲ್ಲದೆ ಕೂಡಿದ್ರೆ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರೆ, ಸೋಂಕಿನ ರಕ್ತ ಏರಿಸಿದ್ರೆ ಬರುತ್ತೆ. ಬಸುರಲ್ಲಿ, ಹೆರಿಗೆಯಲ್ಲಿ, ಎದೆಹಾಲಲ್ಲಿ ತಾಯಿಯಿಂದ ಮಗುವಿಗೆ ಬರುತ್ತೆ. ತಾಯಿ ಮಾತ್ರೆ ಬಿಡದೆ ತಗೊಂಡ್ರೆ ಮಗುವನ್ನ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು."

"ಹಾಗಾದ್ರೆ ನನ್ನ ಮಗಳು..."

"ಮಾತ್ರೆ ನಿಲ್ಲಿಸದೇ ಇದ್ದಿದ್ರೆ ಇವತ್ತು ಇಲ್ಲೇ ಕೂತಿರ್ತಿದ್ರು. ಈ ಮಗುವಿಗೂ ಬರ್ತಿರಲಿಲ್ಲವೇನೋ."

ಆ ಮಾತು ಆ ಮನೆಯಿಂದ ಇವತ್ತಿಗೂ ಹೋಗಿಲ್ಲ.

ಪೇಂಟರ್ ಈಗ ಮಾತ್ರೆ ನುಂಗುತ್ತಿದ್ದಾನೆ. ಬೇರೆ ಮದುವೆಯ ಮಾತೆತ್ತಿಲ್ಲ. ಬಡಗಿ ಅವನನ್ನು ಪೂರ್ತಿ ಕ್ಷಮಿಸಿಲ್ಲ, ಆದರೆ ಮನೆಗೆ ಬರಬೇಡ ಎಂದೂ ಹೇಳಿಲ್ಲ. ಮೊಂಡಿ ಕಹಿ ಔಷಧಿಯನ್ನು ಉಗುಳುತ್ತಾಳೆ. ಚಿಕ್ಕಮ್ಮ ಪುಸಲಾಯಿಸಿ ಮತ್ತೆ ಕುಡಿಸುತ್ತಾಳೆ. ಅಜ್ಜನೇ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತಾನೆ.

ಮೊನ್ನೆ ಅವನು ಔಷಧಿಯ ಸಾಲಿನಲ್ಲಿ ನಿಂತಿದ್ದಾಗ, ದಾರಿಯಲ್ಲಿ ಹೋಗುತ್ತಿದ್ದ ಪರಿಚಯದವನೊಬ್ಬ ಕೂಗಿ ಕೇಳಿದ: "ಏನಣ್ಣ, ನೀನಿಲ್ಲಿ? ಇದು ಆ ಕಾಯಿಲೆಯೋರ ಸಾಲಲ್ವಾ?"

"ಹೌದು," ಎಂದ ಬಡಗಿ. "ನನ್ನ ಮೊಮ್ಮಗಳಿಗಿದೆ. ನನ್ನ ಮಗಳಿಗೂ ಇತ್ತು."

ಕೇಳಿದವನು ಮುಖ ತಿರುಗಿಸಿಕೊಂಡು ಹೊರಟುಹೋದ. ಬಡಗಿ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ.

ಅಣ್ಣಂದಿರೇ, ಅಕ್ಕಂದಿರೇ, ಮದುವೆಗೆ ಮುಂಚೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಬಸುರಾದರೆ ಬೇಗ ಮಾಡಿಸಿ. ಸೋಂಕಿದೆ ಎಂದು ಗೊತ್ತಾದರೆ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ಮಾತ್ರೆ ಬಂದಿಲ್ಲ ಎಂದರೆ ಸುಮ್ಮನೆ ವಾಪಸ್ ಬರಬೇಡಿ, ನಾಲ್ಕು ಜನ ಸೇರಿ ಕೇಳಿ. ಇನ್ನೊಂದು ಮಾತು. ಸೋಂಕಿದ್ದವರ ಬಗ್ಗೆ ಹಗುರವಾಗಿ ನಾಲಿಗೆ ಹರಿಬಿಡುವ ಮುನ್ನ ಸುತ್ತ ನೋಡಿ. ನಿಮ್ಮ ಮಗಳೇ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರಬಹುದು.